ಹಲಸಿಯ ತಾಮ್ರಪಟಗಳೂ ಅಥೆನ್ಸಿನ ಕಾನೂನೂ

ಖಾನಾಪುರ ತಾಲೂಕಿನ ಹಲಸಿ ಇಂದು ಒಂದು ಗ್ರಾಮ. ಕ್ರಿ.ಶ. 5 ಮತ್ತು 6ನೆಯ ಶತಮಾನಗಳಲ್ಲಿ ಅದು ಪಲಾಶಿಕಾ ಎಂಬ ಹೆಸರಿನ, ಕದಂಬ ಅರಸರ ಪ್ರಮುಖ ನಗರವಾಗಿತ್ತು. ಅಲ್ಲಿ ದೊರೆತ, ಜೆ. ಎಫ್. ಫ್ಲೀಟರು ಸಂಪಾದಿಸಿದ ತಾಮ್ರಪಟಗಳು ಜೈನ ಸಮಾಜಕ್ಕೆ ಪರಿಚಿತವೇ ಆಗಿವೆ. ಆದರೆ ಅವುಗಳನ್ನು ಕೇವಲ ದಾನಪತ್ರಗಳೆಂದು ಓದಿದರೆ ಅರ್ಧ ಓದಿದಂತೆ. ಶಾಸನವನ್ನು ಬರೆಸಿದವನು ತೀರಿಹೋದ ಮೇಲೆ ಅದನ್ನು ಕಾಯುವ ಹೊಣೆ ಯಾರದು ಎಂಬ ಪ್ರಶ್ನೆಯೂ ಅವುಗಳಲ್ಲಿ ಅಡಗಿದೆ.

ಇದೇ ಪ್ರಶ್ನೆಯನ್ನು ಅವಕ್ಕಿಂತ ಸಾವಿರ ವರ್ಷಗಳ ಹಿಂದೆ ಗ್ರೀಕರು ಎದುರಿಸಿದ್ದರು. ಕ್ರಿ.ಪೂ. 594ರ ಸುಮಾರಿಗೆ ಸೋಲನ್ ಅಥೆನ್ಸಿಗೆ ಕಾನೂನುಗಳನ್ನು ರಚಿಸಿ, ಮರದ ಹಲಗೆಗಳ ಮೇಲೆ ಬರೆಸಿದನು. ಹತ್ತು ವರ್ಷ ಅವನ್ನು ಪಾಲಿಸುವುದಾಗಿ ಪ್ರಜೆಗಳು ಪ್ರಮಾಣ ಮಾಡಿದರೆಂದೂ, ಬಳಿಕ ಆತನು ಪರದೇಶಕ್ಕೆ ಹೊರಟುಹೋದನೆಂದೂ ಇತಿಹಾಸಕಾರ ಹೆರೊಡೋಟಸ್ ಹೇಳುತ್ತಾನೆ. ಅನ್ಯಾಯಕ್ಕೊಳಗಾದವನ ಪರವಾಗಿ ಯಾವ ಪ್ರಜೆಯಾದರೂ ನ್ಯಾಯ ಕೇಳಬಹುದೆಂಬುದು ಸೋಲನ್ನನ ವ್ಯವಸ್ಥೆಯ ಒಂದು ಮುಖ್ಯ ಅಂಶ.

ಆದರೆ ಪ್ರಜೆಗಳೇ ಕಾನೂನನ್ನು ಮೀರಹೊರಟರೆ? ಕ್ರಿ.ಪೂ. 406ರಲ್ಲಿ ಹಾಗೆಯೇ ಆಯಿತು. ಅರ್ಗಿನೂಸೆ ನೌಕಾಯುದ್ಧದಲ್ಲಿ ಗೆದ್ದ ಸೇನಾಪತಿಗಳು, ಒಡೆದ ಹಡಗುಗಳ ನಾವಿಕರನ್ನು ರಕ್ಷಿಸಲಿಲ್ಲವೆಂಬ ಆರೋಪಕ್ಕೆ ಗುರಿಯಾದರು. ಪ್ರತಿಯೊಬ್ಬನನ್ನೂ ಪ್ರತ್ಯೇಕವಾಗಿ ವಿಚಾರಿಸುವುದು ನಿಯಮ; ಕೆರಳಿದ ಸಭೆಯು ಒಂದೇ ಮತದಲ್ಲಿ ಎಲ್ಲರಿಗೂ ಶಿಕ್ಷೆ ವಿಧಿಸಲು ಹೊರಟಿತು. ಅಂದು ಸಭಾಧ್ಯಕ್ಷ ಮಂಡಲಿಯಲ್ಲಿದ್ದ ಸಾಕ್ರೆಟಿಸ್ ಒಬ್ಬನೇ ಕೊನೆಯವರೆಗೆ ಒಪ್ಪಲಿಲ್ಲ. ಪ್ರಯೋಜನವಾಗಲಿಲ್ಲ, ಆರು ಜನರು ಪ್ರಾಣ ತೆತ್ತರು. ಅಥೆನ್ಸಿನವರು ಬಳಿಕ ಪಶ್ಚಾತ್ತಾಪಪಟ್ಟರೆಂದು ಕ್ಸೆನೊಫೋನ್ ಬರೆದಿದ್ದಾನೆ. ಕ್ರಿ.ಪೂ. 399ರಲ್ಲಿ ಸಾಕ್ರೆಟಿಸನಿಗೇ ಮರಣದಂಡನೆಯಾದಾಗ, ಸೆರೆಮನೆಯಿಂದ ಪಾರಾಗಲು ಮಿತ್ರ ಕ್ರಿಟೋ ದಾರಿ ಮಾಡಿಕೊಟ್ಟರೂ ಆತನು ಒಲ್ಲೆನೆಂದನು. ಬಹುಮತವೇ ಕಾನೂನೆಂದು ನಂಬುವವರು ಈ ಎರಡು ಪ್ರಸಂಗಗಳನ್ನು ಕೂಡಿಸಿ ಓದಬೇಕು. ಜನಸಮೂಹದ ಕೋಪಕ್ಕೆ ಮಣಿಯದವನೇ ನ್ಯಾಯಾಲಯದ ತೀರ್ಪಿಗೆ ತಲೆಬಾಗಿದನು.

ಪಲಾಶಿಕೆಯಲ್ಲಿ ಅಂತಹ ಸಭೆಯಿರಲಿಲ್ಲ. ಅರಸನ ಆಜ್ಞೆಯೇ ಶಾಸನ. ಕಾಕುಸ್ಥವರ್ಮನು ತನ್ನ ಪ್ರಾಣ ಉಳಿಸಿದ ಸೇನಾಪತಿ ಶ್ರುತಕೀರ್ತಿಗೆ ಖೇಟ ಗ್ರಾಮದಲ್ಲಿ ಭೂಮಿ ಕೊಟ್ಟನು. ಶ್ರುತಕೀರ್ತಿಯ ನಂತರ, ಕಾಕುಸ್ಥನ ಮೊಮ್ಮಗ ಮೃಗೇಶವರ್ಮನು ತಂದೆಯ ಇಚ್ಛೆಯಂತೆ ದಾಮಕೀರ್ತಿಯ ತಾಯಿಗೆ ಖೇಟವನ್ನು ಧರ್ಮಾರ್ಥವಾಗಿ ಕೊಟ್ಟನು. ಅರಸರು ಬದಲಾದರೂ ಹಿಂದಿನವರ ಮಾತಿಗೆ ಬೆಲೆಯಿತ್ತು. ಮೃಗೇಶನ ಮಗ ರವಿವರ್ಮನ ಶಾಸನ ಇನ್ನೂ ಗಮನಾರ್ಹ. ಪುರುಖೇಟಕ ಗ್ರಾಮದ ಉತ್ಪನ್ನದಿಂದ ಪ್ರತಿವರ್ಷ ಕಾರ್ತಿಕ ಪೌರ್ಣಿಮೆಗೆ ಅಷ್ಟಾಹ್ನಿಕ ಮಹೋತ್ಸವ ನಡೆಯಬೇಕು. ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ಸಲ್ಲಬೇಕು. ಜಿನೇಂದ್ರಪೂಜೆಯನ್ನು ಜನಪದರೂ ನಾಗರಿಕರೂ ನಿರಂತರ ನಡೆಸಬೇಕು. ಅಂದರೆ ಉತ್ಪನ್ನವನ್ನು ಗೊತ್ತುಮಾಡಿದವನು ಅರಸ, ಕರ್ತವ್ಯ ಹೊತ್ತವರು ಊರವರು. ಖರ್ಚಿನ ಬಾಬು, ತಿಥಿ, ಹೊಣೆಗಾರರು, ಮೂರೂ ಪಟದಲ್ಲಿ ಸ್ಪಷ್ಟವಾಗಿವೆ. ಇಂದಿನ ಎಷ್ಟೋ ಬಸದಿಗಳ ದತ್ತಿಪತ್ರಗಳಲ್ಲಿ ಇಷ್ಟು ಖಚಿತತೆ ಇಲ್ಲ.

ಇಂತಹ ಪಟಗಳ ಕೊನೆಯಲ್ಲಿ ಶಾಪಾಶಯದ ಮಾತುಗಳಿರುತ್ತವೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ಮಿಗಿಲು, ಅಪಹರಿಸಿದವನಿಗೆ ಪಂಚಮಹಾಪಾತಕದ ದೋಷ ಎಂಬುದು ಅವುಗಳ ತಾತ್ಪರ್ಯ. ಶಾಪಕ್ಕೆ ಹೆದರದವನನ್ನು ತಡೆಯಲು ಪಟದಲ್ಲಿ ಬೇರೆ ಉಪಾಯವಿಲ್ಲ. ಈ ವಿಷಯದಲ್ಲಿ ಸೋಲನ್ನನ ಏರ್ಪಾಡೇ ಬಲವಾದದ್ದೆಂದು ಒಪ್ಪಬೇಕು.

ಬೆಳಗಾವಿಯ ರಟ್ಟರ ಕಾಲಕ್ಕೆ ವರ್ತಕರೂ ಈ ಹೊಣೆಯಲ್ಲಿ ಪಾಲುಗೊಂಡರು. 1204ರಲ್ಲಿ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ವೇಣುಗ್ರಾಮದಲ್ಲಿ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಅರಸನು ಭೂಮಿ ಬಿಟ್ಟನು. ಸ್ಥಳೀಯ ವರ್ತಕ ಸಮೂಹಗಳೊಡನೆ ಲಾಳ, ಮಲೆಯಾಳ ದೇಶಗಳ ವ್ಯಾಪಾರಿಗಳೂ ತಮ್ಮ ಸರಕಿನ ಮೇಲೆ ವಂತಿಗೆ ಗೊತ್ತುಮಾಡಿಕೊಂಡರು. ತಮ್ಮ ಮೇಲೆ ತಾವೇ ಹಾಕಿಕೊಂಡ ಈ ತೆರಿಗೆಗೆ ಅಥೆನ್ಸಿನಲ್ಲಿ ಸಮಾನವಾದುದನ್ನು ಹುಡುಕುವುದು ಕಷ್ಟ. ಅದನ್ನು ಕೆತ್ತಿದ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಬೀಚಿರಾಜನ ಹೆಸರಿನೊಡನೆ ಕೂಡಿಬಂದಿರುವ ಕಮಲ ಬಸದಿ ಮಾತ್ರ ಬೆಳಗಾವಿಯ ಕೋಟೆಯೊಳಗೇ ಇದೆ.