ಆಯಿಲ್ ಸಂಪ್‌ನಲ್ಲಿ ಲೋಹದ ಚೂರುಗಳು

ಆಯಿಲ್ ಸಂಪ್ ಅಥವಾ ಆಯಿಲ್ ಪ್ಯಾನ್ ಎಂಬುದು ಕಾರಿನ ಎಂಜಿನ್ನಿನ ತಳದಲ್ಲಿ ಎಣ್ಣೆ ಶೇಖರವಾಗುವ ತೊಟ್ಟಿಯಾಗಿದೆ. ಎಂಜಿನ್ನಿನ ಒಳಭಾಗಗಳು ಸವೆದಾಗ ಅಥವಾ ಮುರಿದಾಗ ಉದುರುವ ಲೋಹದ ಚೂರುಗಳು ಎಣ್ಣೆಯೊಡನೆ ಹರಿದು ಇಲ್ಲಿ ತಂಗುತ್ತವೆ. ಅವುಗಳ ಗಾತ್ರ ಮತ್ತು ಬಣ್ಣ ದೋಷದ ಮೂಲವನ್ನು ಸೂಚಿಸುತ್ತವೆ.

ಗುರುತಿಸುವಿಕೆ

ಡ್ರೇನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿಕೊಳ್ಳುವ ನುಣುಪಾದ ಬೂದುಬಣ್ಣದ ಪುಡಿ, ವಿಶೇಷವಾಗಿ ಹೊಸ ಎಂಜಿನ್ನಿನಲ್ಲಿ, ಸಹಜ ಸವೆತದ ಫಲ. ಬೆರಳಿಗೆ ತಾಗುವ ಚೂರು ಅಥವಾ ಚಕ್ಕೆಗಳು ಸಹಜವಲ್ಲ. ಅಯಸ್ಕಾಂತಕ್ಕೆ ಅಂಟುವ ಚೂರುಗಳು ಕ್ಯಾಮ್‌ಶಾಫ್ಟ್, ಟೈಮಿಂಗ್ ಚೈನ್, ಪಿಸ್ಟನ್ ರಿಂಗ್ ಮೊದಲಾದ ಉಕ್ಕು ಅಥವಾ ಎರಕದ ಕಬ್ಬಿಣದ ಭಾಗಗಳಿಂದ ಬಂದಿರಬಹುದು. ಅಂಟದ ಬೆಳ್ಳಿಬಣ್ಣದ ಚೂರುಗಳು ಸಾಮಾನ್ಯವಾಗಿ ಪಿಸ್ಟನ್ ಅಥವಾ ಬೇರಿಂಗಿನ ಅಲ್ಯೂಮಿನಿಯಂ. ತಾಮ್ರವರ್ಣದ ಕಣಗಳು ಬೇರಿಂಗಿನ ಮೇಲ್ಪದರ ಸವೆದು ಒಳಪದರ ಹೊರಬಂದಿರುವುದರ ಲಕ್ಷಣವಾಗಿರಬಹುದು.

ಪರಿಣಾಮಗಳು

ಪಂಪು ಸಂಪ್‌ನ ಎಣ್ಣೆಯನ್ನು ಜಾಲರಿಯ ಮೂಲಕ ಹೀರುತ್ತದೆ. ಫಿಲ್ಟರ್ ಇರುವುದು ಪಂಪಿನ ನಂತರ. ಆದುದರಿಂದ ಜಾಲರಿಯನ್ನು ದಾಟಿದ ಚೂರುಗಳು ಮೊದಲು ಪಂಪನ್ನೇ ಗೀರುತ್ತವೆ. ಜಾಲರಿ ಕಟ್ಟಿಕೊಂಡರೆ ಎಣ್ಣೆಯ ಒತ್ತಡ ಕುಸಿದು ಬೇರಿಂಗುಗಳು ಹಾಳಾಗುತ್ತವೆ. ಫಿಲ್ಟರ್ ಕಟ್ಟಿಕೊಂಡರೆ ಬೈಪಾಸ್ ಕವಾಟ ತೆರೆದು, ಸೋಸದ ಎಣ್ಣೆಯೇ ಬೇರಿಂಗುಗಳನ್ನು ತಲುಪುತ್ತದೆ. ಕೇವಲ ಎಣ್ಣೆ ಬದಲಿಸುವುದರಿಂದ ಮೂಲದೋಷ ನಿವಾರಣೆಯಾಗುವುದಿಲ್ಲ. ದೊಡ್ಡ ಚೂರುಗಳು ದೊರೆತಲ್ಲಿ, ಅವುಗಳ ಮೂಲ ಪತ್ತೆಯಾಗುವವರೆಗೆ ಎಂಜಿನ್ ಚಾಲನೆಯನ್ನು ನಿಲ್ಲಿಸಿ, ಸಂಪ್ ಬಿಚ್ಚಿ, ಫಿಲ್ಟರನ್ನು ಕತ್ತರಿಸಿ ಪರೀಕ್ಷಿಸಲಾಗುತ್ತದೆ.