ಅಂಕಿಗಳ ಸಾಕ್ಷ್ಯ

ಹಳೆಯ ಆಯುಧಗಳನ್ನು ಸಂಗ್ರಹಿಸುವವರಲ್ಲಿ ಅಮೆರಿಕದ ಅಶ್ವದಳದ ಕೋಲ್ಟ್ ರಿವಾಲ್ವರಿಗೆ ವಿಶೇಷ ಮನ್ನಣೆಯುಂಟು. ಅಲ್ಲಿಯ ಸೈನ್ಯ ಅದನ್ನು ಅಂಗೀಕರಿಸಿದ್ದು 1873ರಲ್ಲಿ. ಆರು ಗುಂಡುಗಳ ಉರುಳೆ, ಏಳೂವರೆ ಅಂಗುಲದ ನಳಿಗೆ, ಅಕ್ರೋಟು ಮರದ ಹಿಡಿ. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟ, ಶೆಯೆನ್ ಯೋಧರೆದುರು ಮಡಿದ ಕಸ್ಟರನ ಸವಾರರ ಸೊಂಟದಲ್ಲಿದ್ದುದೂ ಇದೇ.

ಸಂಗ್ರಾಹಕನ ಕಣ್ಣು ಮೊದಲು ಹೋಗುವುದು ಅಂಕಿಗಳ ಕಡೆಗೆ. ಚೌಕಟ್ಟು, ನಳಿಗೆ, ಉರುಳೆಗಳ ಮೇಲೆ ಒಂದೇ ಕ್ರಮಸಂಖ್ಯೆಯಿದ್ದರೆ ಬೆಲೆ ಏರುತ್ತದೆ. ಆದರೆ 1890ರ ದಶಕದಲ್ಲಿ ಸೈನ್ಯವು ಇಂಥ ಸಾವಿರಾರು ರಿವಾಲ್ವರುಗಳನ್ನು ಹಿಂದಕ್ಕೆ ತರಿಸಿ, ನಳಿಗೆಯನ್ನು ಐದೂವರೆ ಅಂಗುಲಕ್ಕೆ ಕತ್ತರಿಸತೊಡಗಿತು. ಎಷ್ಟೋ ರಿವಾಲ್ವರುಗಳಲ್ಲಿ ಬಿಡಿಭಾಗಗಳೂ ಬೆರಕೆಯಾದವು. ಮೂಲರೂಪದವು ವಿರಳವಾದವು, ವಿರಳತೆಯ ಬೆನ್ನಲ್ಲೇ ವಂಚನೆಯೂ ಬಂದಿತು. ಹಳೆಯ ಅಂಕಿಯನ್ನು ಉಜ್ಜಿ ಹೊಸದನ್ನು ಒತ್ತುವವರು ಹುಟ್ಟಿಕೊಂಡರು. ಕಸ್ಟರನ ಕಾಲದ ಪರೀಕ್ಷಕ ಏನ್ಸ್‌ವರ್ತನ ಮುದ್ರೆಯನ್ನೂ ಹಿಡಿಯ ಮೇಲೆ ಮೂಡಿಸಿದರು.

ನನಗೆ ತೋರುವುದಿಷ್ಟು: ಮೊಟಕಾದ ನಳಿಗೆಯ, ಅಂಕಿ ಹೊಂದದ ರಿವಾಲ್ವರು ನಡೆದುದನ್ನು ನಡೆದಂತೆಯೇ ನುಡಿಯುತ್ತದೆ. ತಿದ್ದಿದ ಅಂಕಿಯಾದರೋ ಆ ರಣಭೂಮಿಯನ್ನು ಕಾಣದ ಆಯುಧವನ್ನು ಅಲ್ಲಿಗೆ ಒಯ್ದು ನಿಲ್ಲಿಸುತ್ತದೆ. ಶಾಸನದ ಸವೆದ ಅಕ್ಷರವನ್ನು ಹೊಸದಾಗಿ ಕೊರೆಯಲು ನಾವು ಒಪ್ಪುವುದಿಲ್ಲ. ಈ ಲೋಹದ ತುಂಡಿಗೂ ಅದೇ ಮರ್ಯಾದೆ ಸಲ್ಲಬೇಕು.