ಮಾರಿಕುಪ್ಪದ ಪ್ರಾಚೀನ ಗಣಿಕಾರರು

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು 1871ರಲ್ಲಿ ಬಂದ ಲವೆಲ್ಲನಿಂದ ಆರಂಭಿಸುವುದು ರೂಢಿಯಾಗಿದೆ. ಬಂಗಾರಪೇಟೆಗೂ ಹಿಂದೆ ಬೌರಿಂಗ್‌ಪೇಟೆಯೆಂದು ದೊರೆಯೊಬ್ಬನ ಹೆಸರೇ ಇದ್ದಿತಷ್ಟೆ. ಆದರೆ 1802ರಲ್ಲಿ ಮೈಸೂರಿನ ಪೂರ್ವದ ಎಲ್ಲೆಯನ್ನು ಅಳೆಯುತ್ತಿದ್ದ ಲೆಫ್ಟೆನೆಂಟ್ ಜಾನ್ ವಾರನ್ನನು, ಮಾರಿಕುಪ್ಪದ ಬಳಿ ಪರೆಯ ಜನರು ಗುಂಡಿ ತೋಡಿ ಚಿನ್ನ ತೆಗೆಯುತ್ತಿದ್ದುದನ್ನು ಕಂಡು ಬರೆದಿಟ್ಟಿರುವನು. ಗಂಡಸರು ಒಡೆದ ಕಲ್ಲು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ಮೇಲೇರುತ್ತಿದ್ದಿತು. ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ, ನೀರಿನಲ್ಲಿ ತೊಳೆದು, ಹೊನ್ನಿನ ಕಣಗಳನ್ನು ಬೇರ್ಪಡಿಸುತ್ತಿದ್ದರು. ಹೀಗೆ ಆ ವಿದ್ಯೆಯ ಸೂಕ್ಷ್ಮವಾದ ಭಾಗವೆಲ್ಲ ಹೆಂಗಸರ ಕೈಯಲ್ಲಿಯೇ ಇದ್ದಿತೆಂಬುದನ್ನು ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲ. ಅಪಘಾತಗಳ ದೆಸೆಯಿಂದ 1859ರಲ್ಲಿ ಸರಕಾರವು ನೆಲದೊಳಗಿನ ಅಗೆತವನ್ನು ನಿಷೇಧಿಸಿತು. 1875ರಲ್ಲಿ ಹಕ್ಕು ದೊರೆತುದು ಲವೆಲ್ಲನಿಗೆ. ಮುಂದೆ 1880ರ ದಶಕದಲ್ಲಿ ಮೈಸೂರು ಗಣಿಯ ಕಂಪೆನಿಗೆ ಚಾಂಪಿಯನ್ ಪದರವು ಸಿಕ್ಕಿದುದು, ಪೂರ್ವಿಕರ ಹಳೆಯ ಗುಂಡಿಗಳನ್ನು ಅನುಸರಿಸಿ ಕೆಳಗಿಳಿದಾಗಲೇ.